ಆ್ಯಪ್ ಆಮೇಲೆ, ಡಬ್ಬಿ ಮೊದಲು: ಹಳ್ಳಿಯ ಸಂಘಕ್ಕೆ ಆನ್‌ಲೈನ್ ಮಾರಾಟ ಕಲಿಸುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಮಹಿಳಾ ಸ್ವಸಹಾಯ ಸಂಘಗಳಿಗೆ ಆನ್‌ಲೈನ್ ವ್ಯಾಪಾರದ ತರಬೇತಿ ಈಗ ಹೊಸ ಸಂಗತಿಯಲ್ಲ. ಕಲಬುರಗಿ ಜಿಲ್ಲಾಡಳಿತ ಸಂಘಗಳ ಜೋಳದ ರೊಟ್ಟಿಗೆ ‘ಕಲಬುರಗಿ ರೊಟ್ಟಿ’ ಎಂಬ ಬ್ರ್ಯಾಂಡ್ ಕೊಟ್ಟಿತು. 2025ರ ಜೂನ್ ತಿಂಗಳ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಅದರ ಮಾತೆತ್ತಿದ ಮೇಲೆ ಊರೂರಲ್ಲಿ ಉಮೇದು ಹೆಚ್ಚಿದೆ. ಆದರೆ ಬಹಳಷ್ಟು ತರಬೇತಿಗಳು ಶುರುವಾಗುವುದೇ ಮೊಬೈಲಿನಿಂದ. ಆ್ಯಪ್ ಇಳಿಸುವುದು, ಖಾತೆ ತೆರೆಯುವುದು, ಫೋಟೊ ಹಾಕುವುದು, ಇಷ್ಟಕ್ಕೇ ದಿನ ಮುಗಿಯುತ್ತದೆ. ಮೊದಲ ಆರ್ಡರ್ ಬಂದಾಗ ಬೆಂಗಳೂರಿಗೆ ಹೋದ ರೊಟ್ಟಿ ಚೂರಾಗಿ ತಲುಪುತ್ತದೆ, ಕೊರಿಯರ್ ಬಿಲ್ಲು ನೋಡಿ ಸಂಘದವರು ಕಂಗಾಲಾಗುತ್ತಾರೆ, ವ್ಯಾಪಾರ ಅಲ್ಲಿಗೇ ನಿಲ್ಲುತ್ತದೆ.

ಆದ್ದರಿಂದ ಕ್ರಮವನ್ನೇ ತಿರುಗಿಸಿ. ಮೊದಲು ಡಬ್ಬಿ, ಆಮೇಲೆ ಲೆಕ್ಕ, ಕೊನೆಗೆ ಮೊಬೈಲ್. ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರರಿಗೆ, ಪದವಿ ಮುಗಿಸಿ ಊರಿನ ಸಂಘಕ್ಕೆ ಕೈಜೋಡಿಸಲು ಹೊರಟ ಹುಡುಗ ಹುಡುಗಿಯರಿಗೆ ಈ ಲೇಖನ. ಉದಾಹರಣೆಗೆ ಕಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿಯನ್ನು (ಶೇಂಗಾ ಚಟ್ನಿ ಪುಡಿ) ತೆಗೆದುಕೊಂಡಿದ್ದೇವೆ.

1. ದಿನ, ಹೊತ್ತು, ಜಾಗ

ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಒಂದೇ ದಿನದ ತರಬೇತಿ ಬೇಡ. ಮಧ್ಯಾಹ್ನದ ಎರಡು ತಾಸಿನಂತೆ ಆರು ದಿನ ಇಡಿ, 12ರಿಂದ 15 ಜನ ಸಾಕು. ತೊಗರಿ ರಾಶಿಯ ದಿನಗಳಲ್ಲಿ, ಹಿಂಗಾರಿ ಜೋಳದ ಕೊಯ್ಲಿನ ದಿನಗಳಲ್ಲಿ, ಸಂತೆಯ ದಿನ ಕರೆದರೆ ಯಾರೂ ಬರುವುದಿಲ್ಲ. ಬಂದವರ ಮನಸ್ಸೂ ಹೊಲದಲ್ಲೇ ಇರುತ್ತದೆ. ಜಾಗ ಅಡುಗೆ ಮಾಡಬಹುದಾದಂಥದ್ದು ಇರಲಿ. ಒಲೆ, ಹಂಚು, ತಕ್ಕಡಿ, ಅಳತೆ ಪಟ್ಟಿ ಇಲ್ಲದ ಸಭಾಭವನದಲ್ಲಿ ಈ ಪಾಠ ಆಗುವುದಿಲ್ಲ.

2. ಡಬ್ಬಿ ಮತ್ತು ರೊಟ್ಟಿಯ ಅಗಲ

ಎಲ್ಲರೂ ಎಡವುವುದು ಇಲ್ಲೇ. ಪೂರ್ತಿ ಎರಡು ದಿನ ಇದಕ್ಕೇ ಕೊಡಿ.

ಕೊರಿಯರ್ ಕಂಪನಿಗಳು ಪಾರ್ಸೆಲ್ಲನ್ನು ತೂಗುವುದಷ್ಟೇ ಅಲ್ಲ, ಅಳೆಯುತ್ತವೆ ಕೂಡ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ಕಿಲೋ ಎಂದು ಹಿಡಿಯುವುದು ರೂಢಿ. ತಕ್ಕಡಿಯ ತೂಕ ಮತ್ತು ಈ ಅಳತೆಯ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ರೊಟ್ಟಿ ಹಗುರ, ಆದರೆ ಜಾಗ ಬಹಳ ಹಿಡಿಯುತ್ತದೆ. ಹಾಗಾಗಿ ಹೊಡೆತ ಬೀಳುವುದು ರೊಟ್ಟಿಗೇ.

ಹಲಗೆಯ ಮೇಲೆ ಈ ಲೆಕ್ಕ ಬರೆಯಿರಿ. ಮನೆಯಲ್ಲಿ ಬಡಿಯುವ 25 ಸೆಂ.ಮೀ. ಅಗಲದ 20 ರೊಟ್ಟಿಗೆ 28×28×10 ಅಳತೆಯ ಡಬ್ಬಿ ಬೇಕು. ಗುಣಿಸಿದರೆ 7840, 5000ದಿಂದ ಭಾಗಿಸಿದರೆ 1.57. ಅರ್ಧ ಅರ್ಧ ಕಿಲೋದಂತೆ ದರ ಏರುವುದರಿಂದ ಎರಡು ಕಿಲೋದ ದುಡ್ಡು ಕೊಡಬೇಕು. ಒಳಗಿನ ಸರಕು ಹೆಚ್ಚೆಂದರೆ ಒಂದು ಕಿಲೋ ಇರುತ್ತದೆ. ಈಗ ರೊಟ್ಟಿಯನ್ನು 20 ಸೆಂ.ಮೀ.ಗೆ ಇಳಿಸಿ. ಡಬ್ಬಿ 22×22×10 ಆಗುತ್ತದೆ. ಗುಣಿಸಿದರೆ 4840, ಭಾಗಿಸಿದರೆ 0.97. ಒಂದು ಕಿಲೋದೊಳಗೆ ಬಂತು. ಅದೇ 20 ರೊಟ್ಟಿ, ಸಾಗಣೆ ಖರ್ಚು ಬಹಳ ಕಡಿಮೆ.

‘ನಮ್ಮ ರೊಟ್ಟಿ ಅಗಲ ಇರಬೇಕ್ರಿ, ಸಣ್ಣದು ಮಾಡಿದ್ರ ಮಂದಿ ಏನಂತಾರ?’ ಎಂದು ಹಿರಿಯ ಅಕ್ಕಂದಿರು ಕೇಳಿಯೇ ಕೇಳುತ್ತಾರೆ. ಅವರ ಮಾತನ್ನು ತಳ್ಳಿಹಾಕಬೇಡಿ. ಎರಡೂ ಡಬ್ಬಿ ಮುಂದಿಟ್ಟು ಅವರ ಕೈಯಲ್ಲೇ ಅಳೆಸಿ, ಲೆಕ್ಕ ಮಾಡಿಸಿ. ಊರೊಳಗಿನ ಖಾನಾವಳಿಗೆ ಅಗಲ ರೊಟ್ಟಿ, ಪಾರ್ಸೆಲ್ಲಿಗೆ ಸಣ್ಣದು ಎಂದು ತೀರ್ಮಾನಿಸಿಕೊಂಡರೆ ಜಗಳವಿಲ್ಲ. ಹಂಚಿನ ಪಕ್ಕ 20 ಸೆಂ.ಮೀ. ಅಗಲದ ಒಂದು ಸ್ಟೀಲ್ ತಟ್ಟೆ ಇಟ್ಟುಕೊಳ್ಳಲಿ. ತಟ್ಟೆಯ ಅಂಚು ಮೀರಿದ ರೊಟ್ಟಿ ಪಾರ್ಸೆಲ್ಲಿಗೆ ಹೋಗಬಾರದು.

ಇನ್ನೊಂದು ಎಚ್ಚರ: ಕೊರಿಯರಿನವರು ಹಿಡಿಯುವುದು ಡಬ್ಬಿಯ ಹೊರ ಅಳತೆ. ಐದು ಪದರದ ರಟ್ಟಿನ ಗೋಡೆ ಸುಮಾರು ಅರ್ಧ ಸೆಂ.ಮೀ. ದಪ್ಪ. ಅಂಗಡಿಯಲ್ಲಿ ಡಬ್ಬಿ ಹೇಳುವಾಗ ‘ಹೊರಗಿಂದ 22’ ಎಂದೇ ಹೇಳಬೇಕು. ಮೂರು ಪದರದ ಡಬ್ಬಿ ಅಗ್ಗವೆಂದು ಅದನ್ನೇ ತರುತ್ತಾರೆ. ರೊಟ್ಟಿಗೆ ಅದು ಬೇಡ. ಗೋದಾಮಿನಲ್ಲಿ ಮೇಲೆ ನಾಲ್ಕು ಪಾರ್ಸೆಲ್ ಬಿದ್ದರೆ ಅದರ ನೆತ್ತಿ ಕುಸಿಯುತ್ತದೆ, ಮೇಲಿನ ಏಳೆಂಟು ರೊಟ್ಟಿ ಬಿರಿಯುತ್ತವೆ.

ರೊಟ್ಟಿ ಒಡೆಯುವುದಕ್ಕೆ ಇನ್ನೂ ಎರಡು ಕಾರಣಗಳಿವೆ. ಒಂದು, ಒಣಗುವಾಗ ಡೊಂಕಾದ ರೊಟ್ಟಿ. ಒಂದರ ಮೇಲೊಂದು ಇಟ್ಟಾಗ ನಡುವೆ ಸಂದು ಉಳಿದು, ಅಲುಗಿದಾಗ ಅಲ್ಲೇ ಬಿರುಕು ಬಿಡುತ್ತದೆ. ಎರಡನೇ ಸಲ ಹಂಚಿಗೆ ಹಾಕಿದಾಗ ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತಿ ಒತ್ತಿ ಸಪಾಟು ಮಾಡಬೇಕು. ಇದಕ್ಕೆ ಬೇರೆ ಉಪಾಯವಿಲ್ಲ. ಇನ್ನೊಂದು, ಡಬ್ಬಿಯೊಳಗೆ ಸರಿದಾಡುವ ಕಟ್ಟು. ಡಬ್ಬಿ ಮುಚ್ಚಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಸದ್ದು ಬಂದರೆ ತೆರೆದು, ತಳಕ್ಕೂ ನೆತ್ತಿಗೂ ರಟ್ಟಿನ ತುಂಡು, ನಾಲ್ಕು ಮೂಲೆಗೆ ಕಾಗದದ ಉಂಡೆ ತುಂಬಿ. ಹಳೆ ಪತ್ರಿಕೆ ಮೂಲೆಗೆ ಮಾತ್ರ, ರೊಟ್ಟಿಗೆ ತಾಗಬಾರದು. ಮುದ್ರಣದ ಶಾಯಿ ಆಹಾರಕ್ಕೆ ಇಳಿಯುತ್ತದೆ. ಪತ್ರಿಕೆಯಲ್ಲಿ ತಿನಿಸು ಕಟ್ಟುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರವೇ ಬೇಡವೆಂದಿದೆ.

ಇಪ್ಪತ್ತನ್ನೂ ಒಂದೇ ಚೀಲದಲ್ಲಿ ತುಂಬದೆ ಹತ್ತು ಹತ್ತರ ಎರಡು ಕಟ್ಟು ಮಾಡಿ. ಹತ್ತು ರೊಟ್ಟಿಗೆ 26 ಸೆಂ.ಮೀ. ಅಗಲದ ಆಹಾರ ದರ್ಜೆಯ ಪೌಚ್ ಬೇಕು. ಇದಕ್ಕೆ 12 ಇಂಚಿನ ಸೀಲಿಂಗ್ ಯಂತ್ರ ಕೊಳ್ಳಿ. 8 ಇಂಚಿನದು ಈ ಪೌಚಿನ ಬಾಯಿಗೆ ಸಾಲುವುದಿಲ್ಲ. ಬ್ಯಾಟರಿ ಹಾಕಿ ಕೈಯಲ್ಲಿ ಎಳೆಯುವ ಪುಟ್ಟ ಸೀಲರ್‌ಗಳಿಗೆ ದುಡ್ಡು ಹಾಕಲೇಬೇಡಿ. ಅವುಗಳ ಬೆಸುಗೆ ಅಲ್ಲಲ್ಲಿ ಬಿಟ್ಟುಕೊಂಡು ಗಾಳಿ ಒಳಗೆ ಹೋಗುತ್ತದೆ.

ಬಿಸಿ ಇರುವಾಗ ಎಂದೂ ಕಟ್ಟಬಾರದು. ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಪೂರ್ತಿ ಆರಿದ ಮೇಲೆ ಕಟ್ಟಿನಿಂದ ಒಂದು ರೊಟ್ಟಿ ಎತ್ತಿ ಮುರಿಯಿರಿ. ‘ಟಕ್’ ಎಂದು ಮುರಿದರೆ ಸರಿ, ಬಾಗಿ ಮುರಿದರೆ ಆ ಹಂಚಿನ ರೊಟ್ಟಿಯೆಲ್ಲ ಮತ್ತೆ ಕಾಯಬೇಕು. ಶ್ರಾವಣದ ಮೋಡದ ದಿನಗಳಲ್ಲಿ ಈ ಪರೀಕ್ಷೆಯನ್ನು ಪ್ರತಿ ಕಟ್ಟಿಗೂ ಮಾಡಿಸಿ.

ಕೊನೆಗೆ ಬೀಳಿಸುವ ಪರೀಕ್ಷೆ. ಸಿದ್ಧವಾದ ಡಬ್ಬಿಯನ್ನು ಸೊಂಟದೆತ್ತರದಿಂದ ಆರೂ ಮುಖಗಳ ಮೇಲೆ ಒಮ್ಮೊಮ್ಮೆ, ಒಂದು ಮೂಲೆಯ ಮೇಲೆ ಒಮ್ಮೆ ನೆಲಕ್ಕೆ ಬಿಡಿ. ತೆರೆದು ಎಣಿಸಿ. ಇಪ್ಪತ್ತರಲ್ಲಿ ಒಂದಕ್ಕಿಂತ ಹೆಚ್ಚು ಒಡೆದಿದ್ದರೆ ಕಟ್ಟುವ ರೀತಿ ಬದಲಾಗಬೇಕು. ತಾವೇ ಬಡಿದ ರೊಟ್ಟಿಯನ್ನು ತಾವೇ ಬೀಳಿಸಲು ಮಹಿಳೆಯರ ಕೈ ಹಿಂಜರಿಯುತ್ತದೆ. ಆದರೂ ಮಾಡಿಸಿ, ತರಬೇತುದಾರರು ಮಾಡಿ ತೋರಿಸಿದರೆ ಸಾಲದು.

3. ಬೆಲೆ ಕಟ್ಟುವುದು

‘ಊರಾಗ ಒಂದು ರೊಟ್ಟಿ ಇಷ್ಟಕ್ಕ ಹೋಗ್ತದ, ಅದರ ಮ್ಯಾಲ ಸ್ವಲ್ಪ ಹಾಕೋಣ’ ಎನ್ನುವುದು ಬೆಲೆ ಕಟ್ಟುವ ದಾರಿಯಲ್ಲ. ಖರ್ಚನ್ನು ಒಂದೊಂದಾಗಿ ಬರೆಸಿ. ಕೆಳಗಿನ ಅಂಕಿಗಳು ಲೆಕ್ಕ ಕಲಿಯಲು ಮಾತ್ರ, ನಿಮ್ಮೂರಿನ ದರ ಹಾಕಿಕೊಳ್ಳಿ.

20 ಸಣ್ಣ ರೊಟ್ಟಿಗೆ ಹಸನು ಮಾಡಿದಾಗ ಹೋಗುವ ಕಸ ಸೇರಿ 700 ಗ್ರಾಂ ಜೋಳ, ಕಿಲೋಗೆ 50ರಂತೆ 35 ರೂಪಾಯಿ. ಗಿರಣಿಗೆ 4. ಉರುವಲಿಗೆ 20. ಬಡಿದು, ಬೇಯಿಸಿ, ಒಣಗಿಸುವ ಕೂಲಿ ರೊಟ್ಟಿಗೆ 3ರಂತೆ 60. ಪೌಚ್, ಡಬ್ಬಿ, ಟೇಪು, ಲೇಬಲ್ 35. ಇಲ್ಲಿಗೆ 154. ಒಡೆಯುವುದಕ್ಕೆಂದು 8, ಸಂಘದ ನಿಧಿಗೆ 16. ಒಟ್ಟು 178. ಸಾಗಣೆ ಬೇರೆ.

ಕೂಲಿಯನ್ನು ಬಿಡುವ ಸಂಘಗಳೇ ಹೆಚ್ಚು. ‘ಮನ್ಯಾಗಿನ ಕೆಲಸಕ್ಕ ಕೂಲಿ ಯಾಕ?’ ಎನ್ನುತ್ತಾರೆ. ಆರ್ಡರ್ ಹೆಚ್ಚಿ ಹೊರಗಿನವರನ್ನು ಕರೆದ ದಿನವೇ ನಷ್ಟ ಕಣ್ಣಿಗೆ ಬೀಳುತ್ತದೆ. ತಮ್ಮ ಕೈಕೆಲಸಕ್ಕೆ ಬೆಲೆ ಬರೆಯಲು ಕಲಿಯುವುದು ಈ ತರಬೇತಿಯಲ್ಲಿ ಅತಿ ಮುಖ್ಯವಾದ ಸಾಲು. ಅದನ್ನು ಬಿಡಲು ಒಪ್ಪಬೇಡಿ.

ದೊಡ್ಡ ಆನ್‌ಲೈನ್ ಅಂಗಡಿಯಲ್ಲಿ ಮಾರುವಾಗ ಇನ್ನೊಂದು ತಪ್ಪಾಗುತ್ತದೆ. ಕಮಿಷನ್ ಶೇ 15 ಎನ್ನಿ. ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ ಶೇ 17.7 ಆಗುತ್ತದೆ. 178ಕ್ಕೆ ಶೇ 17.7 ಕೂಡಿಸಿ 209.50 ಎಂದು ಬೆಲೆ ಹಾಕುತ್ತಾರೆ. ಆದರೆ ಕಮಿಷನ್ ಕಡಿಯುವುದು ಮಾರಿದ ಬೆಲೆಯ ಮೇಲೆ. ಕೈಗೆ ಬರುವುದು 172.40, ಡಬ್ಬಿಗೆ ಐದೂವರೆ ರೂಪಾಯಿ ಖೋತಾ. ಕೂಡಿಸಬಾರದು, ಭಾಗಿಸಬೇಕು: 178 ಭಾಗಿಸು 0.823, ಅಂದರೆ 216 ರೂಪಾಯಿ ಚಿಲ್ಲರೆ. ಈ ಒಂದು ಭಾಗಾಕಾರವನ್ನು ಪ್ರತಿಯೊಬ್ಬರೂ ಮೊಬೈಲಿನ ಕ್ಯಾಲ್ಕ್ಯುಲೇಟರಿನಲ್ಲಿ ಮಾಡಿ ತೋರಿಸುವವರೆಗೆ ಮುಂದೆ ಹೋಗಬೇಡಿ.

4. ಕಾಗದಪತ್ರ

ವರ್ಷದ ವಹಿವಾಟು ನಿಗದಿತ ಮಿತಿ ಮೀರದ ಸಣ್ಣ ಆಹಾರ ಘಟಕಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಲೈಸೆನ್ಸ್ ಬೇಡ, ನೋಂದಣಿ ಸಾಕು. ಪ್ರಾಧಿಕಾರದ ‘ಫೋಸ್ಕೋಸ್’ ಜಾಲತಾಣದಲ್ಲಿ ನೇರವಾಗಿ ಮಾಡಿಕೊಳ್ಳಬಹುದು. ನೋಂದಣಿ ಕೊಡುವುದು ತಯಾರಿಸುವ ಜಾಗಕ್ಕೆ. ಹತ್ತು ಮನೆಗಳಲ್ಲಿ ಬಡಿದು ಒಂದು ಕಡೆ ಕಟ್ಟುವ ಪದ್ಧತಿ ಬಿಟ್ಟು, ಒಂದೇ ಜಾಗ ಗೊತ್ತು ಮಾಡಿ. ಸಣ್ಣ ಉದ್ದಿಮೆಗಳಿಗೆ ಸರಕಾರ ಕೊಡುವ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಸರಕಾರಿ ಜಾಲತಾಣದಂತೆಯೇ ಕಾಣುವ ಖಾಸಗಿ ತಾಣಗಳು ದುಡ್ಡು ಕೇಳುತ್ತವೆ, ಕೊಡಬೇಡಿ. ವಿಳಾಸದ ಕೊನೆಯಲ್ಲಿ ‘ಜಿಒವಿ ಡಾಟ್ ಇನ್’ ಇದೆಯೇ ನೋಡುವುದನ್ನು ಇಲ್ಲೇ ಕಲಿಸಿ.

ನಮ್ಮ ಭಾಗಕ್ಕೆ ಮಾತ್ರ ಸಂಬಂಧಿಸಿದ ಒಂದು ತೊಡಕಿದೆ. ಹುಮನಾಬಾದಿಗೆ ಹೈದರಾಬಾದ್ ಹತ್ತಿರ, ಆಳಂದಕ್ಕೆ ಸೊಲ್ಲಾಪುರ ಹತ್ತಿರ, ಬೆಂಗಳೂರೇ ದೂರ. ಗಿರಾಕಿಯೂ ಅಲ್ಲೇ ಸಿಗುತ್ತಾರೆ. ಆದರೆ ತೆರಿಗೆ ಬೀಳುವ ಸರಕನ್ನು ರಾಜ್ಯದಾಚೆ ಮಾರುವವರಿಗೆ ವಹಿವಾಟು ಎಷ್ಟೇ ಸಣ್ಣದಿರಲಿ, ಜಿಎಸ್‌ಟಿ ನೋಂದಣಿ ಬೇಕು. ಶೇಂಗಾ ಹಿಂಡಿ ಈ ಲೆಕ್ಕಕ್ಕೆ ಬರುತ್ತದೆ. ಮೊದಲ ವರ್ಷ ಕರ್ನಾಟಕದೊಳಗೇ ಮಾರಿ, ಆಮೇಲೆ ತೆರಿಗೆ ಸಲಹೆಗಾರರನ್ನು ಕೇಳಿ ಗಡಿ ದಾಟುವುದು ಒಳ್ಳೆಯದು.

ಲೇಬಲ್ ಮೇಲೆ ಸರಕಿನ ಹೆಸರು, ತೂಕದ ಇಳಿಕೆ ಕ್ರಮದಲ್ಲಿ ಪದಾರ್ಥಗಳು, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ತಯಾರಿಸಿದ ದಿನ, ಬಳಸಬಹುದಾದ ಕೊನೆಯ ದಿನ, ಬ್ಯಾಚ್ ಸಂಖ್ಯೆ, ಸಂಘದ ವಿಳಾಸ, ದೂರಿಗೆ ಫೋನ್ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು, 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಲಿ. ಹಿಂಡಿ ಇದ್ದರೆ ‘ಶೇಂಗಾ ಇದೆ’ ಎಂಬ ಅಲರ್ಜಿ ಸೂಚನೆ ಕಡ್ಡಾಯ. ಕೊನೆಯ ದಿನವನ್ನು ಬೇರೆಯವರ ಪ್ಯಾಕೆಟ್ ನೋಡಿ ಬರೆಯಬೇಡಿ. ಆರು ಕಟ್ಟು ಎತ್ತಿಟ್ಟು ವಾರಕ್ಕೊಂದು ತೆರೆದು ಮೂಸಿ, ಮುರಿದು, ತಿಂದು ನೋಡಿ. ಮೊದಲು ಕೆಟ್ಟ ವಾರಕ್ಕಿಂತ ಎರಡು ವಾರ ಹಿಂದಕ್ಕೆ ದಿನ ಹಾಕಿ. ಮನೆಯ ಇಂಕ್‌ಜೆಟ್ ಪ್ರಿಂಟರಿನ ಲೇಬಲ್ ಒದ್ದೆ ಕೈ ತಾಗಿದರೆ ಅಳಿಸುತ್ತದೆ, ಲೇಸರ್ ಮುದ್ರಣವೇ ಇರಲಿ.

5. ಈಗ ಮೊಬೈಲ್

ಫೋಟೊಗೆ ಬೆಳಗಿನ ಬೆಳಕು, ಬಾಗಿಲ ಬಳಿ ನೆರಳು, ಒರೆಸಿದ ಲೆನ್ಸ್, ಒಂದೇ ಬಣ್ಣದ ಬಟ್ಟೆ. ಇಷ್ಟು ಸಾಕು. ಬಣ್ಣ ಏರಿಸುವ ಫಿಲ್ಟರ್ ಬೇಡ.

ವಾಟ್ಸ್‌ಆ್ಯಪ್ ಬಿಸಿನೆಸ್ ಉಚಿತ, ಕ್ಯಾಟಲಾಗ್ ಅದರಲ್ಲೇ ಇದೆ. ಮೊದಲ ಆರು ತಿಂಗಳಿಗೆ ಅದೊಂದೇ ಸಾಕು. ಬರೆಯಲು ತಡವರಿಸುವವರಿಗೆ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿಸಿ, ಅಕ್ಷರ ತಾನೇ ಮೂಡುತ್ತದೆ. ನಿಜವಾದ ಸಮಸ್ಯೆ ನಂಬರಿನದು. ಅಧ್ಯಕ್ಷೆಯ ಮಗನ ನಂಬರಿನಲ್ಲಿ ಅಂಗಡಿ ತೆರೆಯುತ್ತಾರೆ. ಅವನು ಕೆಲಸಕ್ಕೆಂದು ಪುಣೆಗೆ ಹೋದಾಗ ಗಿರಾಕಿಗಳೆಲ್ಲ ಅವನ ಜೊತೆಗೇ ಹೋಗುತ್ತಾರೆ. ಬೇರೆ ಸಿಮ್ ಕೊಳ್ಳಿ, ಯಾರ ಹೆಸರಿನಲ್ಲಿದೆ ಎಂದು ಠರಾವು ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ. ಎರಡು ಹಂತದ ಪರಿಶೀಲನೆಯ ಆರು ಅಂಕಿಯ ಪಿನ್ ಅನ್ನು ಮುಚ್ಚಿದ ಲಕೋಟೆಯಲ್ಲಿ ಖಜಾಂಚಿಯ ಬಳಿ ಇಡಿಸಿ.

6. ದುಡ್ಡು

ಇಬ್ಬರು ಮೂವರ ಸಹಿಯ ಸಂಘದ ಖಾತೆಗೆ ಸಾಮಾನ್ಯ ಯುಪಿಐ ಆ್ಯಪ್ ಜೋಡಿಸುವುದು ಕಷ್ಟ. ಅದಕ್ಕೇ ಒಬ್ಬರ ಸ್ವಂತ ಖಾತೆಗೆ ಹಣ ಹಾಕಿಸುತ್ತಾರೆ, ಮೂರನೇ ತಿಂಗಳಿಗೆ ಮನಸ್ತಾಪ ಶುರುವಾಗುತ್ತದೆ. ಬ್ಯಾಂಕಿಗೆ ಠರಾವಿನ ಪ್ರತಿ ಒಯ್ದು ಸಂಘದ ಖಾತೆಗೇ ವ್ಯಾಪಾರಿ ಕ್ಯೂಆರ್ ಕೋಡ್ ಕೇಳಿ. ತಡವಾದರೂ ಕಾಯಿರಿ.

ಹಣ ಬರುವುದಕ್ಕೆ ಪಿನ್ ಒತ್ತಬೇಕಾಗಿಲ್ಲ, ಯಾವ ಕೋಡನ್ನೂ ಸ್ಕ್ಯಾನ್ ಮಾಡಬೇಕಾಗಿಲ್ಲ. ಇದನ್ನು ದಿನಕ್ಕೊಮ್ಮೆ ಹೇಳಿಸಿ. ಸೈನ್ಯದ ಕ್ಯಾಂಟೀನಿಗೆ ಐನೂರು ರೊಟ್ಟಿ ಬೇಕು, ಮುಂಗಡ ಹಾಕಲು ಈ ಕೋಡ್ ಸ್ಕ್ಯಾನ್ ಮಾಡಿ ಎಂದು ಕರೆ ಬಂದರೆ ಅದು ಮೋಸ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಮೊದಲ ಗಂಟೆಗಳಲ್ಲಿ ದೂರು ಕೊಟ್ಟರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ತಲುಪಿದ ಮೇಲೆ ಹಣ ಎಂಬ ಪದ್ಧತಿಯನ್ನು ತಿನಿಸಿಗೆ ಇಟ್ಟುಕೊಳ್ಳಲೇಬೇಡಿ. ಗಿರಾಕಿ ಬೇಡವೆಂದರೆ ಹೋಗುವ, ಬರುವ ಎರಡೂ ಖರ್ಚು ಸಂಘದ ತಲೆಗೆ. ಮರಳಿ ಬಂದ ರೊಟ್ಟಿಯನ್ನು ಇನ್ನೊಬ್ಬರಿಗೆ ಮಾರುವಂತಿಲ್ಲ.

7. ಮೊದಲ ತಿಂಗಳು

ಜಾಹೀರಾತು ಬೇಡ. ಬೆಂಗಳೂರಿನಲ್ಲಿ ಇರುವ ಊರಿನ ಮಂದಿಯ 20 ವಿಳಾಸ ಸಂಗ್ರಹಿಸಿ ಅವರಿಗೆ ಮಾತ್ರ ಕಳಿಸಿ. ಡಬ್ಬಿ ತೆರೆಯುವಾಗ ವಿಡಿಯೊ ಮಾಡಿ ಕಳಿಸಲು ಕೇಳಿಕೊಳ್ಳಿ. ಸಾರಿಗೆ ಬಸ್ಸಿನ ಪಾರ್ಸೆಲ್ ಅಗ್ಗವೆನಿಸಿದರೂ ಗಿರಾಕಿ ನಿಲ್ದಾಣಕ್ಕೆ ಬಂದು ಒಯ್ಯಬೇಕು. ಅಂಗಡಿಗೆ ಸಗಟು ಕಳಿಸುವಾಗ ಅದನ್ನು ಬಳಸಿ. ವಾರದ ಕೊನೆಗೆ ಪಾರ್ಸೆಲ್ ಹಾಕಿದರೆ ಭಾನುವಾರ ಗೋದಾಮಿನಲ್ಲೇ ಉಳಿಯುತ್ತದೆ, ಸೋಮವಾರದಿಂದ ಬುಧವಾರದೊಳಗೆ ಹಾಕಿ.

ಒಂದು ದಪ್ಪ ರಿಜಿಸ್ಟರಿನಲ್ಲಿ ಕಳಿಸಿದ ದಿನ, ಬ್ಯಾಚ್ ಸಂಖ್ಯೆ, ಯಾರು ಬಡಿದರು, ಯಾರು ಕಟ್ಟಿದರು, ಕೊರಿಯರ್ ಹಿಡಿದ ತೂಕ, ಒಡೆದ ರೊಟ್ಟಿ ಎಷ್ಟು, ಹಣ ಬಂದ ದಿನ ಎಂದು ಏಳು ಅಂಕಣ ಗೀರಿ. ‘ಕೊರಿಯರ್ ಹಿಡಿದ ತೂಕ’ದ ಅಂಕಣವನ್ನು ವಾರಕ್ಕೊಮ್ಮೆ ಬಿಲ್ಲಿನ ಜೊತೆ ತಾಳೆ ನೋಡಿ. ಒಂದು ಕಿಲೋದ ಡಬ್ಬಿಗೆ ಒಂದೂವರೆ ಎಂದು ಹಾಕಿದ್ದರೆ, ಪಾರ್ಸೆಲ್ ಕೊಡುವ ಮುಂಚೆ ಅಳತೆ ಪಟ್ಟಿ ಇಟ್ಟು ತೆಗೆದ ಡಬ್ಬಿಯ ಫೋಟೊ ತೋರಿಸಿ ಹೆಚ್ಚುವರಿ ಹಣ ವಾಪಸ್ ಕೇಳಬಹುದು. ಆ ಫೋಟೊ ತೆಗೆಯುವ ಹೊಣೆಯನ್ನು ಒಬ್ಬರಿಗೇ ಒಪ್ಪಿಸಿ, ಅವರ ಹೆಸರನ್ನು ರಿಜಿಸ್ಟರಿನ ಮೊದಲ ಪುಟದಲ್ಲಿ ಬರೆಯಿರಿ.