ಗುಟ್ಟು ಉಳಿದರೆ ಮಾತ್ರ ತಪಾಸಣೆ: ಬಳ್ಳಾರಿ ಸೀಮೆಯ ನನ್ನ ಅನುಭವ

ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಕಡೆ ಗೇ ಮತ್ತು ದ್ವಿಲಿಂಗಾಸಕ್ತ ಪುರುಷರು ಹಾಗೂ ಲಿಂಗತ್ವ ಅಲ್ಪಸಂಖ್ಯಾತರ ನಡುವೆ ಲೈಂಗಿಕ ಆರೋಗ್ಯದ ಕೆಲಸ ಮಾಡುತ್ತಾ ನನಗೆ ಮನದಟ್ಟಾದ ಸಂಗತಿಯೆಂದರೆ, ಇಲ್ಲಿನ ಜನ ರೋಗಕ್ಕಿಂತ ಹೆಚ್ಚಾಗಿ ಸುದ್ದಿ ಹಬ್ಬುವುದಕ್ಕೆ ಹೆದರುತ್ತಾರೆ. ನಾನೂ ಇದೇ ಸಮುದಾಯದವನು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದಡಿ ಸೋಂಕಿನ ಅಪಾಯ ಹೆಚ್ಚಿರುವ ಸಮುದಾಯಗಳಿಗಾಗಿಯೇ ನಡೆಯುವ ಟಿ.ಐ. (ಟಾರ್ಗೆಟೆಡ್ ಇಂಟರ್‌ವೆನ್ಷನ್) ಯೋಜನೆಯಲ್ಲಿ ಮೊದಲು ಪೀರ್ ಎಜುಕೇಟರ್, ಅಂದರೆ ತನ್ನ ಸಮುದಾಯದವರಿಗೇ ತಿಳಿಹೇಳುವವನು, ಆಗಿ, ಅನಂತರ ಕ್ಷೇತ್ರ ಕಾರ್ಯಕರ್ತನಾಗಿ ದುಡಿದಿದ್ದೇನೆ. ನಿರೋಧ್ ಬಗ್ಗೆ ಮಾತು ತೆಗೆಯುವ ಮೊದಲೇ ಎದುರಿನವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಇದು ಹೊರಗ ಹೋಗಂಗಿಲ್ಲ ಅಲ್ಲ?" ಆ ಪ್ರಶ್ನೆಗೆ ಬಾಯಿಮಾತಿನ ಭರವಸೆ ಸಾಲುವುದಿಲ್ಲ, ಕೆಲಸದ ಪ್ರತಿಯೊಂದು ಹೆಜ್ಜೆಯೂ ಅದಕ್ಕೆ ಉತ್ತರವಾಗಿರಬೇಕು ಎಂದು ನಂಬಿ ನಡೆದವನು ನಾನು.

ನಮ್ಮ ಕಡೆ ಈ ಸಮುದಾಯ ಒಂದೇ ಬಗೆಯದಲ್ಲ. ತಮ್ಮನ್ನು ಕೋತಿ (ಹೆಣ್ಣಿನ ಹಾವಭಾವವಿರುವ, ಗಂಡಸರತ್ತ ಒಲಿಯುವ ಪುರುಷರಿಗೆ ಸಮುದಾಯದೊಳಗಿನ ಹೆಸರು) ಎಂದು ಕರೆದುಕೊಳ್ಳುವವರಲ್ಲಿ ಮದುವೆಯಾಗಿ ಮಕ್ಕಳಿರುವವರೇ ಬಹಳ. ಯಲ್ಲಮ್ಮನಿಗೆ, ಹುಲಿಗೆಮ್ಮನಿಗೆ ಮುತ್ತು ಕಟ್ಟಿಸಿಕೊಂಡು, ಅಂದರೆ ದೇವಿಗೆ ತಮ್ಮನ್ನು ಒಪ್ಪಿಸಿಕೊಂಡು, ಹೆಣ್ಣಿನಂತೆ ಬಾಳುವ ಜೋಗಪ್ಪಂದಿರಿದ್ದಾರೆ. ಲಾರಿ ಓಡಿಸುವ, ಗಣಿ ಕಡೆ ದುಡಿಯುವ ಗಂಡಸರಲ್ಲಿ ಅನೇಕರು ತಮಗೆ ಯಾವ ಹೆಸರೂ ಬೇಡ ಎನ್ನುತ್ತಾರೆ. ಆದ್ದರಿಂದ "ನೀವು ಯಾರು" ಎಂದು ನಾನು ಎಂದೂ ಕೇಳಲಿಲ್ಲ. ಈಚೆಗೆ ಜೊತೆಗಾರರು ಇದ್ದರೇ, ಆಗ ಕಾಂಡೋಮ್ ಇತ್ತೇ, ಉರಿ ಅಥವಾ ಹುಣ್ಣು ಇದೆಯೇ ಎಂದಷ್ಟೇ ಕೇಳುತ್ತಿದ್ದೆ.

ಬಸ್ ನಿಲ್ದಾಣದ ಹಿಂಭಾಗ, ರೈಲು ನಿಲ್ದಾಣ, ಕಾಲುವೆ ದಂಡೆಗಳಲ್ಲಿ ಸಂಜೆಯ ಹೊತ್ತು ಸಿಗುವವರ ಹತ್ತಿರ ಮೊದಲ ಭೇಟಿಯಲ್ಲೇ ಚೀಲ ಬಿಚ್ಚಬಾರದು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಂನ ಹಿಡಿತದಿಂದ ವಯಸ್ಕರ ಒಪ್ಪಿತ ಸಂಬಂಧವನ್ನು ಬಿಡಿಸುವವರೆಗೆ, ಜೇಬಿನಲ್ಲಿ ಸಿಕ್ಕ ಕಾಂಡೋಮನ್ನೇ ಅಪರಾಧದ ಗುರುತಿನಂತೆ ತೋರಿಸಿ ಹಣ ಕೀಳುವ ಭಯ ಎಲ್ಲರಲ್ಲೂ ಇತ್ತು. ಆ ಭಯ ತೀರ್ಪಿನ ಮರುದಿನವೇ ಹೋಗಲಿಲ್ಲ. ಹೀಗಾಗಿ ಕಾಂಡೋಮ್ ಮತ್ತು ಲೂಬ್ (ಜಾರುವಂತೆ ಮಾಡುವ ಜೆಲ್) ಹಂಚಿಕೆಯನ್ನು ನಾವು ಸಮುದಾಯದವರೇ ನಡೆಸುವ ಚಹಾ ಅಂಗಡಿ, ಬಾಡಿಗೆ ಕೋಣೆಗಳಿಗೆ ವರ್ಗಾಯಿಸಿದೆವು. ಲೂಬ್ ವಿಷಯವನ್ನು ನಾನು ಒತ್ತಿ ಹೇಳುತ್ತಿದ್ದೆ. ಕಾಂಡೋಮ್ ಹಾಕಿದರೂ ಹರಿಯುತ್ತದೆ ಎಂದು ದೂರುವವರನ್ನು ವಿಚಾರಿಸಿದರೆ ಹೆಚ್ಚಿನವರು ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಬಳಸುತ್ತಿದ್ದರು. ಎಣ್ಣೆ ಲೇಟೆಕ್ಸನ್ನು ದುರ್ಬಲಗೊಳಿಸುತ್ತದೆ. ಒಂದು ಕಾಂಡೋಮನ್ನು ಊದಿ, ಅದಕ್ಕೆ ಕೊಬ್ಬರಿ ಎಣ್ಣೆ ಸವರಿ ಮಾತನಾಡುತ್ತಾ ಕುಳಿತರೆ ಸ್ವಲ್ಪ ಹೊತ್ತಿಗೆ ಅದು ಅವರ ಕಣ್ಣೆದುರಿಗೇ ಒಡೆಯುತ್ತಿತ್ತು. ಆಮೇಲೆ ನೀರಿನಾಧಾರದ ಲೂಬ್ ಏಕೆ ಬೇಕು ಎಂದು ವಿವರಿಸುವ ಅಗತ್ಯವೇ ಬೀಳುತ್ತಿರಲಿಲ್ಲ.

ತಪಾಸಣೆಯೇ ಕಷ್ಟದ ಭಾಗ. ಆರು ತಿಂಗಳಿಗೊಮ್ಮೆ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆ ಆಗಬೇಕು. ಬೆರಳ ತುದಿಯ ರಕ್ತದಿಂದ ಮಾಡುವ ಪರೀಕ್ಷೆಯನ್ನು ನಮ್ಮ ಕೋಣೆಯಲ್ಲೇ ಮಾಡಬಹುದಾದರೂ, ಅದರಲ್ಲಿ ರಿಯಾಕ್ಟಿವ್, ಅಂದರೆ ಸೋಂಕಿರಬಹುದು, ಎಂದು ಬಂದದ್ದು ಐಸಿಟಿಸಿಯಲ್ಲಿ (ಸರ್ಕಾರದ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಖಚಿತವಾಗಬೇಕು. ಲೈಂಗಿಕ ರೋಗದ ಚಿಕಿತ್ಸೆಗೂ ಆಸ್ಪತ್ರೆಗೇ ಹೋಗಬೇಕು. ಮದುವೆಯಾದ ಒಬ್ಬರು ಗುದದ ಬಳಿ ಹುಣ್ಣಿದ್ದರೂ ಬಹಳ ದಿನ ಮೂಲವ್ಯಾಧಿಯ ಮುಲಾಮು ಹಚ್ಚಿಕೊಂಡಿದ್ದರು. ಬಾಗಿಲು ತೆರೆದಿದ್ದ ಹೊರರೋಗಿ ಕೋಣೆಯಲ್ಲಿ, ಹಿಂದೆ ಸಾಲಿನಲ್ಲಿ ತಮ್ಮ ಊರಿನವರೇ ನಿಂತಿದ್ದಾಗ, ಅವರು "ಮೂಲವ್ಯಾಧಿ ಐತ್ರೀ ಸರ್" ಎನ್ನದೆ ಬೇರೇನು ಹೇಳಿಯಾರು? ವೈದ್ಯರೂ ಮುಂದೆ ಕೇಳಿರಲಿಲ್ಲ. ಸಿಫಿಲಿಸ್ ಹುಣ್ಣು ನೋಯುವುದು ಕಡಿಮೆ, ಕೆಲವು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ, ರೋಗ ಮಾತ್ರ ರಕ್ತದಲ್ಲಿ ಉಳಿಯುತ್ತದೆ. ಅವರನ್ನು ಮತ್ತೆ ಕರೆದೊಯ್ಯುವ ಮುನ್ನ ನಾನು ಆಪ್ತಸಮಾಲೋಚಕಿಯೊಂದಿಗೆ ಮಾತನಾಡಿದೆ: ಸಾಲು ಮುಗಿದ ಮೇಲೆ ಕೊನೆಯಲ್ಲಿ ಒಳಗೆ ಬಿಡಬೇಕು, ಬಾಗಿಲು ಮುಚ್ಚಬೇಕು, ಹೆಸರು ಕೂಗದೆ ನಮ್ಮ ಸಂಕೇತ ಸಂಖ್ಯೆ ಹೇಳಬೇಕು. ಆಕೆ ಮೂರಕ್ಕೂ ಒಪ್ಪಿದರು. ರಕ್ತಪರೀಕ್ಷೆಯಾಯಿತು, ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು ಬಿತ್ತು. ಅಂದಿನಿಂದ ಆ ಆಸ್ಪತ್ರೆಯಲ್ಲಿ ನಮ್ಮವರಿಗೆ ಅದೇ ಕ್ರಮ ನಡೆದುಬಂತು.

ಅವರ ಹೆಂಡತಿಯ ಆರೋಗ್ಯದ ಪ್ರಶ್ನೆಯನ್ನು ನಾನು ಹಗುರವಾಗಿ ಬಿಡುವವನಲ್ಲ. ಗಂಡನ ಗುಟ್ಟು ಎಷ್ಟು ಮುಖ್ಯವೋ, ಏನೂ ತಿಳಿಯದ ಆ ಹೆಣ್ಣುಮಗಳ ಜೀವವೂ ಅಷ್ಟೇ ಮುಖ್ಯ. ಆದರೆ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಯಾರ ಎಚ್‌ಐವಿ ಸ್ಥಿತಿಯನ್ನೂ ಬಹಿರಂಗಪಡಿಸುವಂತಿಲ್ಲ. ಸಂಗಾತಿಗೆ ತಿಳಿಸಲು ಅದರಲ್ಲಿರುವ ಸೀಮಿತ ಅವಕಾಶವೂ ವೈದ್ಯರಿಗೆ ಮತ್ತು ಸಮಾಲೋಚಕರಿಗೆ ಮಾತ್ರ, ನನ್ನಂಥ ಕಾರ್ಯಕರ್ತನಿಗಲ್ಲ. ಹಾಗಾಗಿ ಸೋಂಕು ಬಂದ ಗಂಡನೇ ಹೆಂಡತಿಯನ್ನು ಪರೀಕ್ಷೆಗೆ ಕರೆತರುವವರೆಗೆ ಬೆನ್ನು ಬಿಡದೆ ಮಾತನಾಡುವುದು ನನ್ನ ಪಾಲಿನ ಕೆಲಸವಾಗಿತ್ತು.

ಜೋಗಪ್ಪಂದಿರ ನಡುವೆ ದಾರಿ ಬೇರೆ. ಅಲ್ಲಿ ಹಿರಿಯರಿಗೆ ಶರಣು ಹೇಳದೆ, ಅವರ ಒಪ್ಪಿಗೆ ಪಡೆಯದೆ ಕಿರಿಯರನ್ನು ಮಾತನಾಡಿಸುವಂತಿಲ್ಲ. ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಯಿರುವ ಹುಲಿಗಿಯಲ್ಲಿ ಎಲ್ಲರೂ ಸೇರುವುದರಿಂದ ಅಲ್ಲಿಗೇ ಹೋಗುತ್ತಿದ್ದೆವು. ಮರಿಯಮ್ಮನಹಳ್ಳಿಯ ಜಾನಪದ ಕಲಾವಿದೆ, ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದ ಮೇಲೆ ಆಸ್ಪತ್ರೆ ಸಿಬ್ಬಂದಿಯೂ "ಅಮ್ಮ, ಕೂತ್ಕೊಳ್ರಿ" ಎನ್ನತೊಡಗಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಈಗ ಹುಡುಗರು ಕಾಲುವೆ ದಂಡೆಗೆ ಬರುವುದಿಲ್ಲ, ಮೊಬೈಲ್ ಆ್ಯಪ್‌ಗಳಲ್ಲೇ ಭೇಟಿ ಗೊತ್ತಾಗುತ್ತದೆ. ನಾವೂ ಅಲ್ಲಿ ನಮ್ಮ ಕೆಲಸವನ್ನು ಮುಚ್ಚಿಡದೆ ಹೇಳಿಕೊಂಡು ಇದ್ದೇವೆ. ನಡುರಾತ್ರಿ ಬರುವ ಸಂದೇಶಗಳಲ್ಲಿ ಹೆಚ್ಚಿನವು "ಕಾಂಡೋಮ್ ಹರಿಯಿತು, ಈಗೇನು ಮಾಡಲಿ" ಎಂಬವೇ. ಅಪಾಯವಾಗಿ 72 ಗಂಟೆ ಮೀರುವುದರೊಳಗೆ, ಎಚ್‌ಐವಿ ಸೋಂಕು ತಗಲದಂತೆ ತಡೆಯುವ ಪೆಪ್ ಮಾತ್ರೆ ಆರಂಭಿಸಿ 28 ದಿನ ತೆಗೆದುಕೊಳ್ಳಬೇಕು, ಬೇಗ ಆದಷ್ಟೂ ಒಳ್ಳೆಯದು ಎಂಬುದು ಅವರಲ್ಲಿ ಬಹಳ ಮಂದಿಗೆ ಗೊತ್ತಿರುವುದಿಲ್ಲ. ಮೊದಲು ಅದನ್ನು ಹೇಳಿ, ಬೆಳಗಾಗುತ್ತಲೇ ವೈದ್ಯರ ಬಳಿಗೆ ಜೊತೆಗೆ ಹೋಗುತ್ತೇನೆ. 1097 ಎಂಬ ಏಡ್ಸ್ ಸಹಾಯವಾಣಿಯ ಸಂಖ್ಯೆಯನ್ನೂ ಕೊಡುತ್ತೇನೆ, ಅದಕ್ಕೆ ಕರೆ ಮಾಡಲು ಹೆಸರು ಹೇಳಬೇಕಿಲ್ಲ.

2017ರಿಂದ ಎಚ್‌ಐವಿ ಸೋಂಕು ಖಚಿತವಾದ ಎಲ್ಲರಿಗೂ, ರೋಗನಿರೋಧಕ ಶಕ್ತಿಯನ್ನು ತೋರಿಸುವ ಸಿಡಿ4 ಕಣಗಳ ಎಣಿಕೆ ಎಷ್ಟೇ ಇರಲಿ, ವೈರಸ್ಸನ್ನು ಹತೋಟಿಯಲ್ಲಿಡುವ ಎಆರ್‌ಟಿ ಚಿಕಿತ್ಸೆ ಉಚಿತವಾಗಿ ಆರಂಭವಾಗುತ್ತದೆ. ಮಾತ್ರೆ ತಪ್ಪದೆ ನುಂಗಿ ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ನಿಂತರೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲ. ಆದರೂ ನಮ್ಮವರಲ್ಲಿ ಕೆಲವರು ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗುವ ಮಾತ್ರೆಯನ್ನು ಬಿಟ್ಟು, ದಿನದ ಕೂಲಿ ಕಳೆದುಕೊಂಡು, ಪಕ್ಕದ ಜಿಲ್ಲೆಯ ಎಆರ್‌ಟಿ ಕೇಂದ್ರಕ್ಕೆ ಬಸ್ ಹತ್ತುತ್ತಾರೆ, ಏಕೆಂದರೆ ಇಲ್ಲಿ ಮಾತ್ರೆ ಎಣಿಸಿ ಕೊಡುವವರು ಅವರ ಓಣಿಯವರೇ ಆಗಿರಬಹುದು. ಅದು ತಿಳಿಗೇಡಿತನ ಎನ್ನುವ ಅಧಿಕಾರಿಗಳ ಮಾತನ್ನು ನಾನು ಒಪ್ಪುವುದಿಲ್ಲ. ಅವರ ಕಾರ್ಡನ್ನು ಬೇಕಾದ ಕೇಂದ್ರಕ್ಕೆ ವರ್ಗಾಯಿಸಿಕೊಡಿ, ಒಂದೇ ಸಲಕ್ಕೆ ಮೂರು ತಿಂಗಳ ಮಾತ್ರೆ ಕೊಡಿ ಎಂದು ಪ್ರತಿ ಸಭೆಯಲ್ಲೂ ಕೇಳುತ್ತಿದ್ದೇನೆ.