ಬ್ಲಾಕ್ ಗೋಡೆ ಕೆಲಸ ಎಲ್ಲಿ ನಿಲ್ಲುತ್ತಿದೆ? ಅಳೆದು ನೋಡುವ ವಿಧಾನ

ಗೋಡೆ ಕೆಲಸ ಹಿಂದೆ ಬಿದ್ದಾಗ ಸೈಟಿನಲ್ಲಿ ಮೊದಲು ಬೈಗುಳ ತಿನ್ನುವವರು ಗಾರೆಯವರು. ಅಳೆಯದೆ ಅವರನ್ನು ದೂರುವುದು ಅನ್ಯಾಯ. ಬ್ಲಾಕ್ ಮೇಲಕ್ಕೆ ಬಂದಿಲ್ಲ, ಕಲಸಿದ ಗಾರೆ ಮುಗಿದಿದೆ, ಸಾರವೆ ಕಟ್ಟಿಲ್ಲ ಎಂದಾದರೆ ಎಂಥ ಕಸುಬುದಾರನೂ ಸುಮ್ಮನೆ ನಿಲ್ಲಬೇಕಾಗುತ್ತದೆ. ಇದನ್ನು ಅಂಕಿಯಲ್ಲಿ ತೋರಿಸಲು ಖರ್ಚಿಲ್ಲದ ದಾರಿ ವರ್ಕ್ ಸ್ಯಾಂಪ್ಲಿಂಗ್, ಅಂದರೆ ಆಗಾಗ ಹೋಗಿ ಆ ಕ್ಷಣಕ್ಕೆ ಯಾರು ಏನು ಮಾಡುತ್ತಿದ್ದಾರೆಂದು ಗುರುತಿಸಿ ಇಡೀ ದಿನದ ಅಂದಾಜು ಮಾಡುವುದು. 1930ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞ ಎಲ್.ಎಚ್.ಸಿ. ಟಿಪ್ಪೆಟ್ ಬ್ರಿಟನ್ನಿನ ಹತ್ತಿ ಗಿರಣಿಗಳಲ್ಲಿ ರೂಪಿಸಿದ ವಿಧಾನ ಇದು. ಸ್ಟಾಪ್‌ವಾಚ್ ಬೇಡ, ಒಂದು ನೋಟ ಸಾಕು.

ಒಂದೇ ಕೆಲಸ, ಒಂದೇ ತಂಡ ಆರಿಸಿಕೊಳ್ಳಿ. ಮೂವರು ಗಾರೆಯವರು, ಮೂವರು ಹೆಲ್ಪರ್‌ಗಳು ಎಂದುಕೊಳ್ಳೋಣ. ನೋಡಿದ್ದನ್ನು ಮೂರು ಗುಂಪು ಮಾಡಿ. ಬ್ಲಾಕ್ ಇಡುವುದು, ಗಾರೆ ಹರಡುವುದು ನೇರ ಕೆಲಸ. ದಾರ ಕಟ್ಟುವುದು, ತೂಕದ ಗುಂಡು ಬಿಟ್ಟು ನೋಡುವುದು, ಸಾಮಾನು ಹೊರುವುದು ಪೂರಕ ಕೆಲಸ. ಉಳಿದದ್ದು ನಿಂತ ಸಮಯ. ಇದರ ಪಕ್ಕದಲ್ಲಿ ಕಾರಣ ಬರೆಯಲೇಬೇಕು. ಕಾರಣವಿಲ್ಲದ ‘ಖಾಲಿ’ ಎಂಬ ಗುರುತಿನಿಂದ ಯಾರಿಗೂ ಉಪಯೋಗವಿಲ್ಲ.

ಯಾವಾಗ ನೋಡಬೇಕು? ಎಂಟು ಗಂಟೆಯನ್ನು ಹತ್ತು ಹತ್ತು ನಿಮಿಷಕ್ಕೆ ಹಂಚಿದರೆ 48 ಚೀಟಿಗಳಾಗುತ್ತವೆ. ದಿನಾ ಬೆಳಿಗ್ಗೆ ಎಂಟು ಚೀಟಿ ಎತ್ತಿ, ಆ ಹೊತ್ತಿಗೇ ಹೋಗಿ. ಪ್ರತಿ ಗಂಟೆಗೆ ಸರಿಯಾಗಿ ಹೋದರೆ ಚಹಾದ ಹೊತ್ತೇ ಮತ್ತೆ ಮತ್ತೆ ಕಣ್ಣಿಗೆ ಬೀಳಬಹುದು, ಅಥವಾ ಒಮ್ಮೆಯೂ ಬೀಳದಿರಬಹುದು. ಕಂಡ ಕ್ಷಣದಲ್ಲಿ ಏನು ನಡೆಯುತ್ತಿತ್ತೋ ಅದನ್ನೇ ಬರೆಯಿರಿ. ‘ಈಗ ಶುರು ಮಾಡುತ್ತಾನೆ’ ಎಂದು ಕಾಯಬೇಡಿ.

95% ವಿಶ್ವಾಸ ಮಟ್ಟದಲ್ಲಿ (ಹೀಗೆ ನೂರು ಸಲ ಅಳೆದರೆ ಸುಮಾರು 95 ಸಲ ಸರಿ ಬರುವಂತೆ), ಉತ್ತರ ಶೇಕಡಾ 5 ಅಂಶದಷ್ಟು ಆಚೀಚೆ ಇರಬಹುದು ಎಂದರೆ ಸುಮಾರು 385 ನೋಟ ಬೇಕು; ಒಬ್ಬರನ್ನು ಒಮ್ಮೆ ನೋಡಿದರೆ ಒಂದು ನೋಟ. ದಿನಕ್ಕೆ ಆರು ಜನ, ಎಂಟು ಸುತ್ತು, ಅಂದರೆ 48 ನೋಟ. ಎಂಟು ದಿನದಲ್ಲಿ ಮುಗಿಯಿತು ಅನ್ನಿಸುತ್ತದೆ, ಆದರೆ ಇಲ್ಲೇ ಹಲವು ವಿದ್ಯಾರ್ಥಿಗಳ ಅಧ್ಯಯನ ಎಡವುವುದು. ಗಾರೆ ಮುಗಿದರೆ ಆರೂ ಜನ ಒಟ್ಟಿಗೆ ನಿಲ್ಲುತ್ತಾರೆ. ಅದು ಆರು ಬೇರೆ ಬೇರೆ ಸಾಕ್ಷಿಯಲ್ಲ. ಆದ್ದರಿಂದ ಕನಿಷ್ಠ ಹನ್ನೆರಡು ದಿನ ನೋಡಿ. ಮೊದಲ ದಿನದ ಹಾಳೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಹೊಸಬರು ನೋಡುತ್ತಿದ್ದಾರೆಂದು ಅಂದು ಎಲ್ಲರ ಕೈಯೂ ಚುರುಕು. ಹಾಳೆಯಲ್ಲಿ ಕೆಲಸದವರ ಹೆಸರು ಬೇಡ, ಗುರುತಿನ ಸಂಖ್ಯೆ ಸಾಕು. ಏಕೆ ನೋಡುತ್ತಿದ್ದೀರಿ ಎಂಬುದನ್ನು ಅವರಿಗೆ ಮೊದಲೇ ತಿಳಿಸಿ.

ಸಂಜೆ ಗೋಡೆ ಅಳೆಯಿರಿ. ಬಾಗಿಲು, ಕಿಟಕಿಯ ಜಾಗ ಕಳೆಯಬೇಕು. ಕಟ್ಟಡ ಕೆಲಸ ಅಳೆಯುವ ಭಾರತೀಯ ಮಾನಕ ಐಎಸ್ 1200ರ ಪ್ರಕಾರ 0.1 ಚದರ ಮೀಟರ್‌ವರೆಗಿನ ಕಿಂಡಿ ಕಳೆಯುವಂತಿಲ್ಲ. 400×200 ಮಿ.ಮೀ. ಮುಖದ ಬ್ಲಾಕ್, ಸಂದಿ ಸೇರಿ, ಚದರ ಮೀಟರಿಗೆ 12.5 ಬೀಳುತ್ತದೆ. 300 ಬ್ಲಾಕ್ ಕಟ್ಟಿದ್ದರೆ 24 ಚದರ ಮೀಟರ್. ಆರು ಜನರ ಎಂಟು ಗಂಟೆ ಅಂದರೆ 48 ಆಳುಗಂಟೆ; ಚದರ ಮೀಟರಿಗೆ 2 ಆಳುಗಂಟೆ. ಗಂಟೆಯ ಕೂಲಿ ದರದಿಂದ ಗುಣಿಸಿದರೆ ಖರ್ಚು ಸಿಗುತ್ತದೆ.

ಎತ್ತರವನ್ನೂ ಬರೆದಿಡಿ. ಸಾರವೆ ಹತ್ತಿ ಕಟ್ಟುವ ದಿನದ ಅಂಕಿಯನ್ನು ನೆಲದಲ್ಲಿ ನಿಂತು ಕಟ್ಟಿದ ದಿನಕ್ಕೆ ಹೋಲಿಸಬಾರದು. ದಿನಗೂಲಿ ತಂಡವನ್ನೂ ಅಳತೆ ಲೆಕ್ಕದ ಗುತ್ತಿಗೆ ತಂಡವನ್ನೂ ಒಂದೇ ಸರಾಸರಿಗೆ ಸೇರಿಸಬೇಡಿ.

ಕೊನೆಗೆ ನಿಂತ ಸಮಯವನ್ನು ಕಾರಣವಾರು ಕೂಡಿಸಿ. ‘ಗಾರೆ ಬರಲಿಲ್ಲ’ ಎಂಬುದೇ ಮುಂದಿದ್ದರೆ ಕಲಸುವ ಜಾಗವನ್ನು ಅದೇ ಅಂತಸ್ತಿಗೆ ತನ್ನಿ, ಅಥವಾ ಹೆಲ್ಪರ್ ಒಬ್ಬರನ್ನು ಹೆಚ್ಚಿಸಿ, ಮತ್ತೆ ಅಷ್ಟೇ ದಿನ ಅದೇ ರೀತಿ ನೋಡಿ.