ಲೈಕ್ ಬಟನ್ ಇಲ್ಲದ ಝೀನ್ ಆ್ಯಪ್

ಝೀನ್ ಅನ್ನೋ ಪುಟ್ಟ ಸ್ವಂತ ಪುಸ್ತಿಕೆ ಮಾಡುವವರಿಗೊಂದು ಸೋಷಿಯಲ್ ಆ್ಯಪ್ ಡಿಸೈನ್ ಮಾಡಿಕೊಡು ಅಂತ ಗೆಳೆಯರು ಕೇಳಿದಾಗ ನಾನು ಮೊದಲು ಹುಡುಕಿ ನೋಡಿದ್ದು ಒಂದು ಹಳೇ ಪತ್ರಿಕೆಯನ್ನು. 1982ರಲ್ಲಿ ಅಮೆರಿಕದಲ್ಲಿ ಮೈಕ್ ಗುಂಡರ್ಲಾಯ್ ಶುರು ಮಾಡಿದ ‘ಫ್ಯಾಕ್ಟ್‌ಶೀಟ್ ಫೈವ್’. ಅದರ ತುಂಬ ಬೇರೆಯವರ ಝೀನ್‌ಗಳ ಪುಟ್ಟ ಪರಿಚಯ. ಯಾವ ಸೈಜು, ಎಷ್ಟು ಪುಟ, ಬೆಲೆ ಎಷ್ಟು, ಯಾವ ವಿಳಾಸಕ್ಕೆ ಬರೆಯಬೇಕು, ನಮ್ಮ ಝೀನ್ ಕಳಿಸಿದರೆ ಬದಲಿಗೆ ತಮ್ಮದು ಕೊಡ್ತಾರಾ. ಇಂಟರ್ನೆಟ್ ಮನೆಮನೆಗೆ ಬರುವ ಮುಂಚೆ ಬೇರೆ ಬೇರೆ ಊರಿನ ಝೀನ್ ಮಂದಿ ಒಬ್ಬರಿಗೊಬ್ಬರು ಸಿಕ್ಕಿದ್ದು ಇಂಥ ಪಟ್ಟಿಗಳಿಂದ. ಆ ನಾಲ್ಕೈದು ಸಂಗತಿಗಳನ್ನೇ ಎತ್ತಿಕೊಂಡು ನಮ್ಮ ಆ್ಯಪ್‌ನಲ್ಲಿ ಒಂದೊಂದು ಝೀನನ್ನು ಪರಿಚಯಿಸುವ ಕಾರ್ಡ್ ಮಾಡಿದೆ. ವಿಳಾಸ ಒಂದನ್ನು ಬಿಟ್ಟು.

ಗೊತ್ತಿಲ್ಲದವರಿಗೆ: ಸ್ವಂತ ದುಡ್ಡಲ್ಲಿ ಜೆರಾಕ್ಸ್ ಮಾಡಿಸಿ, ಮಡಚಿ, ಪಿನ್ ಹೊಡೆದು ಹಂಚುವ ಪುಟ್ಟ ಪುಸ್ತಿಕೆಯೇ ಝೀನ್. ನಮ್ಮ ಕಾಲೇಜುಗಳ ಕೈಬರಹದ ಪತ್ರಿಕೆಗೆ ಹತ್ತಿರದ ನೆಂಟ. 50 ಕಾಪಿ ಮಾಡಿದರೆ ಅದೇ ದೊಡ್ಡದು. 50 ಕಾಪಿಯ ಝೀನ್‌ಗೆ ಸಾವಿರ ಲೈಕ್ ಬಂದು ಏನಾಗಬೇಕು ಹೇಳಿ? ಹಾಗಾಗಿ ಲೈಕ್ ಬೇಡ ಅಂತ ಮೊದಲೇ ತೀರ್ಮಾನಿಸಿದೆ. ಅದರ ಜಾಗದಲ್ಲಿ ಇಟ್ಟಿದ್ದು ‘ಕೈ ಸೇರಿತು’ ಅನ್ನೋ ಬಟನ್. ಝೀನ್ ನಿಜವಾಗಿ ಕೈಗೆ ಬಂದವರು ಮಾತ್ರ ಅದನ್ನು ಒತ್ತಬಹುದು. ಇದಕ್ಕೆ ಇನ್ನೊಂದು ಕಾರಣವೂ ಇತ್ತು. ಸಾದಾ ಅಂಚೆಗೆ ಟ್ರ್ಯಾಕಿಂಗ್ ಇಲ್ಲ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಯಿತು. 20 ರೂಪಾಯಿಯ ಝೀನನ್ನು ಸ್ಪೀಡ್ ಪೋಸ್ಟಲ್ಲಿ ಬೇರೆ ಊರಿಗೆ ಕಳಿಸಿದರೆ ಅಂಚೆ ಖರ್ಚೇ ಜಾಸ್ತಿ. ಕಳಿಸಿದವರಿಗೆ ತಲುಪಿತೋ ಇಲ್ಲವೋ ತಿಳಿಯೋಕೆ ಈ ಬಟನ್ನೇ ಗತಿ.

ಫೀಡ್‌ಗೆ ಕೊನೆ ಇದೆ. ಹೊಸದು ಮೇಲೆ, ಹಳೆಯದು ಕೆಳಗೆ, ಆಮೇಲೆ ‘ಇಷ್ಟೇ’ ಅನ್ನುತ್ತದೆ. ಇಡೀ ಝೀನ್ ಓದೋಕೆ ಸಿಗಲ್ಲ. ಮುಖಪುಟ ಮತ್ತು ಒಳಗಿನ ಒಂದು ಜೋಡಿಪುಟ, ಅಷ್ಟೇ. ಪೂರ್ತಿ ಪಿಡಿಎಫ್ ಹಾಕಿದರೆ ಕಾಗದದ ಕಾಪಿಯನ್ನು ಯಾರು ಕೇಳ್ತಾರೆ?

ಕಾರ್ಡ್ ಡಿಸೈನ್‌ನಲ್ಲಿ ನಾನು ಜಾಸ್ತಿ ಹೊತ್ತು ಕಳೆದಿದ್ದು ಒತ್ತಕ್ಷರಗಳ ಜೊತೆ. ಇಂಗ್ಲಿಷ್ ಅಕ್ಷರಕ್ಕೆ ಅಂತ ಲೆಕ್ಕ ಹಾಕಿದ ಸಾಲಿನ ಎತ್ತರ ಕನ್ನಡಕ್ಕೆ ಸಾಲದು. ಶೀರ್ಷಿಕೆಯ ಡಬ್ಬಿ ಬಿಗಿಯಾಗಿದ್ದರೆ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತದೆ. ‘ಕತ್ತೆ’ ಅಂತ ಹೆಸರಿಟ್ಟ ಝೀನ್ ಪರದೆಯ ಮೇಲೆ ‘ಕತೆ’ ಆಗಿ ಕೂತಿರುತ್ತದೆ! ಸಾಲಿನ ಎತ್ತರವನ್ನು ಅಕ್ಷರದ ಸೈಜಿನ 1.6 ಪಟ್ಟು ಮಾಡಿದೆ. ‘ರಾಷ್ಟ್ರ’ದಂಥ ಎರಡು ಒತ್ತಿನ ಪದ ಹಾಕಿ ಹಾಕಿ ನೋಡಿದೆ. ಇಂಗ್ಲಿಷ್ ಶೀರ್ಷಿಕೆಗಳು ಈಗ ಸ್ವಲ್ಪ ಸಡಿಲವಾಗಿ ಕಾಣುತ್ತವೆ. ಇರಲಿ ಬಿಡಿ, ಇಷ್ಟು ದಿನ ಹೊಂದಿಕೊಂಡವರು ನಾವೇ ಅಲ್ವಾ.

ಆಮೇಲೆ ಜೆರಾಕ್ಸ್ ಅಂಗಡಿ. ಸೋಷಿಯಲ್ ಆ್ಯಪ್‌ಗೆ ಇದೆಲ್ಲ ಯಾಕೆ ಅಂತ ಗೆಳೆಯರು ಕೇಳಿದರು. ನನಗೆ ಮಾತ್ರ ಇದೇ ಮುಖ್ಯ ಅನ್ನಿಸಿತ್ತು. ಎ4 ಹಾಳೆ ಮಡಚಿ ನಡುವೆ ಪಿನ್ ಹೊಡೆಯುವ 8 ಪುಟದ ಝೀನ್‌ನಲ್ಲಿ ಪುಟಗಳು ಓದುವ ಕ್ರಮದಲ್ಲಿ ಪ್ರಿಂಟ್ ಆಗಲ್ಲ. ಮೊದಲ ಹಾಳೆಯ ಒಂದು ಮುಖದಲ್ಲಿ 8 ಮತ್ತು 1, ಹಿಂದೆ 2 ಮತ್ತು 7. ಎರಡನೇ ಹಾಳೆಯಲ್ಲಿ 6 ಮತ್ತು 3, ಹಿಂದೆ 4 ಮತ್ತು 5. ಪುಟಗಳನ್ನು ಅಪ್‌ಲೋಡ್ ಮಾಡಿದರೆ ಈ ಜೋಡಣೆಯನ್ನು ಆ್ಯಪ್ಪೇ ಮಾಡಿಕೊಡುತ್ತದೆ. ಆದರೂ ಅಂಗಡಿಯಲ್ಲಿ ‘ಬ್ಯಾಕ್ ಟು ಬ್ಯಾಕ್’ ಅಂದರೆ ಸಾಮಾನ್ಯವಾಗಿ ಹಾಳೆಯ ಉದ್ದ ಅಂಚಿನ ಕಡೆಯಿಂದ ಹೊರಳಿಸುವ ಸೆಟ್ಟಿಂಗ್ ಇರುತ್ತದೆ. ಹಿಂಬದಿ ತಲೆಕೆಳಗಾಗಿ ಬರುತ್ತದೆ. ಗಿಡ್ಡ ಅಂಚಿನ (ಶಾರ್ಟ್ ಎಡ್ಜ್) ಕಡೆಯಿಂದ ಹೊರಳಿಸಿದರೆ ಸರಿ. ಅದಕ್ಕೆ ಪಿಡಿಎಫ್‌ನ ಮುಂದೆ ಅಂಗಡಿಯವರಿಗೆ ಅಂತಲೇ ಒಂದು ಪುಟ ಸೇರಿಸಿದೆ. ದಪ್ಪ ಅಕ್ಷರದಲ್ಲಿ: ‘ಅಣ್ಣಾ, ಶಾರ್ಟ್ ಎಡ್ಜ್ ಹಾಕಿ. ಮೊದಲು ಒಂದೇ ಕಾಪಿ ತೆಗೀರಿ.’ ಫಾಂಟ್ ಪಿಡಿಎಫ್ ಒಳಗೇ ಇರುತ್ತದೆ. ಹಾಗಾಗಿ ಅಂಗಡಿಯ ಕಂಪ್ಯೂಟರಲ್ಲಿ ಕನ್ನಡ ಚೌಕಡಬ್ಬಿಗಳಾಗುವ ಕಾಟವಿಲ್ಲ.

ಇನ್ನು ಮೊದಲೇ ಬಿಟ್ಟಿದ್ದೆನಲ್ಲ, ಆ ವಿಳಾಸ. ಝೀನ್ ಮಾಡುವವರಲ್ಲಿ ಸುಮಾರು ಜನ ಬೇರೆ ಹೆಸರಲ್ಲಿ ಬರೆಯುತ್ತಾರೆ. ಮನೆಯಲ್ಲಿ ಹೇಳದ ವಿಷಯವನ್ನೇ ಝೀನ್‌ನಲ್ಲಿ ಬರೆದವರಿದ್ದಾರೆ. ಅಂಥವರ ವಿಳಾಸ ಪ್ರೊಫೈಲ್‌ನಲ್ಲಿ ಕೂರಬಾರದು. ಇಬ್ಬರೂ ಅದಲುಬದಲಿಗೆ ಒಪ್ಪಿದ ಮೇಲಷ್ಟೇ ವಿಳಾಸ ಕಾಣುತ್ತದೆ. ‘ಕೈ ಸೇರಿತು’ ಒತ್ತಿದ ತಕ್ಷಣ ಅಳಿಸಿಹೋಗುತ್ತದೆ. ಒತ್ತದಿದ್ದರೂ 30 ದಿನಕ್ಕೆ ಹೋಗುತ್ತದೆ. ಒಂದೇ ಊರಿನವರಾದರೆ ವಿಳಾಸವೇ ಬೇಡ, ಚಹಾ ಅಂಗಡಿಯಲ್ಲೋ ಪುಸ್ತಕದಂಗಡಿಯಲ್ಲೋ ಕೈಯಾರೆ ಕೊಡಬಹುದು. ಅದಕ್ಕೂ ಒಂದು ಆಯ್ಕೆ ಇದೆ.

ದುಡ್ಡಿನ ವಿಷಯ ಇದಕ್ಕಿಂತ ಕಗ್ಗಂಟು. ಯುಪಿಐನಲ್ಲಿ ಹಣ ಕಳಿಸುವವರಿಗೆ ಬ್ಯಾಂಕ್ ಖಾತೆಯಲ್ಲಿರುವ ಹೆಸರೇ ಕಾಣುತ್ತದೆ. ಎಷ್ಟೋ ಜನರ ಯುಪಿಐ ಐಡಿಯಲ್ಲಿ ಫೋನ್ ನಂಬರೂ ಇರುತ್ತದೆ. ಬೇರೆ ಹೆಸರಿಟ್ಟುಕೊಂಡು ಬರೆದವರ ಗುಟ್ಟು 20 ರೂಪಾಯಿಗೆ ಬಯಲು. ದುಡ್ಡನ್ನು ನಮ್ಮ ಕೈಗೆ ಪಡೆದು ಆಮೇಲೆ ಹಂಚೋಣ ಅನ್ನೋ ಸಲಹೆ ಬಂತು. ಬೇರೆಯವರ ದುಡ್ಡಿಟ್ಟುಕೊಂಡು ಲೆಕ್ಕ ಕೊಡುವ ಕೆಲಸ ನಮಗ್ಯಾಕೆ ಅಂತ ನಾನೇ ಬೇಡ ಅಂದೆ. ಈಗ ಯುಪಿಐ ಸೇರಿಸುವ ಮುಂಚೆ ಒಂದು ಪರದೆ ಬರುತ್ತದೆ. ಕೊಳ್ಳುವವರಿಗೆ ನಿಮ್ಮ ಯಾವ ಹೆಸರು, ಯಾವ ಐಡಿ ಕಾಣುತ್ತದೆ ಅನ್ನೋದನ್ನು ಅದು ಮೊದಲೇ ತೋರಿಸುತ್ತದೆ. ಅಲ್ಲಿಂದ ವಾಪಸ್ ಬರೋರಿಗೆ ಎರಡು ದಾರಿ: ಬರೀ ಅದಲುಬದಲು, ಇಲ್ಲವಾದರೆ ನಂಬಿಕಸ್ತ ಗೆಳೆಯರ ಖಾತೆ.